ನೂರು ಹಾಡು, ಒಂದು ತಾರೀಖು



ಹಾಡು ಬೇರೆ, ರಾಜಕೀಯ ಬೇರೆ ಅನ್ನುವ ಮಾತು ನಮ್ಮ ಹಾಸ್ಟೆಲುಗಳಲ್ಲಿ ಆಗಾಗ ಕೇಳಿಬರುತ್ತದೆ. ಹಾಗೆ ಹೇಳುವವರೇನೂ ನಮ್ಮ ಶತ್ರುಗಳಲ್ಲ. ದಿನವೆಲ್ಲ ಓದಿ, ಅರ್ಜಿ ತುಂಬಿ, ಸ್ಕಾಲರ್‌ಶಿಪ್ಪು ಬಂತಾ ಇಲ್ಲವಾ ಅಂತ ಆಫೀಸಿಗೆ ಅಲೆದು ಬಂದ ಹುಡುಗ ರಾತ್ರಿ ಒಂದು ಹಾಡು ಕೇಳಿಕೊಂಡು ಮಲಗುತ್ತೀನಿ, ಅಲ್ಲಿಗೂ ನಿಮ್ಮ ಹೋರಾಟ ತರಬೇಡಿ ಅಂದರೆ ಅದು ಅರ್ಥವಾಗುವ ಮಾತೇ. ಆದರೆ ಒಂದು ಸಂಗತಿ. ಹಾಡಿನ ಮನೆಗೆ ನಾವು ಹೋಗುವ ಹೊತ್ತಿಗೆ ರಾಜಕೀಯ ಆಗಲೇ ಅಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತದೆ. ಇದನ್ನು ತೋರಿಸೋಕೆ ಆಸ್ಟ್ರೇಲಿಯಾದ ಒಂದು ರೇಡಿಯೋ ಕತೆ ಹೇಳುತ್ತೇನೆ. ದೂರದ ದೇಶದ್ದು ಅಂತ ತಾತ್ಸಾರ ಮಾಡಬೇಡಿ. ಆ ಕತೆಯ ನಡುಮಧ್ಯೆ ಇರುವ ತಾರೀಖು ನಮಗೂ ಚೆನ್ನಾಗಿ ಗೊತ್ತಿರುವ ತಾರೀಖೇ. ಜನವರಿ 26.

ಆ ರೇಡಿಯೋದ ಹೆಸರು ಟ್ರಿಪಲ್ ಜೆ. ನಮ್ಮ ಆಕಾಶವಾಣಿಯ ಹಾಗೆ ಜನರ ತೆರಿಗೆ ದುಡ್ಡಿನಲ್ಲಿ ನಡೆಯುವ ಎಬಿಸಿ ಅನ್ನುವ ಸಂಸ್ಥೆ ಯುವಕರಿಗೆಂದು ನಡೆಸುವ ಸ್ಟೇಷನ್ನು. ಜಾಹೀರಾತು ಇಲ್ಲ. 1975ರ ಜನವರಿಯಲ್ಲಿ ಸಿಡ್ನಿಯಲ್ಲಿ ಡಬಲ್ ಜೆ ಅಂತ ಶುರುವಾಯಿತು. ಖಾಸಗಿ ರೇಡಿಯೋಗಳು ಮುಟ್ಟದೆ ದೂರ ಇಟ್ಟಿದ್ದ ಒಂದು ಹಾಡನ್ನೇ ಮೊದಲ ಹಾಡಾಗಿ ಹಾಕಿ ಬಾಗಿಲು ತೆರೆಯಿತು. 1980ರಲ್ಲಿ ಎಫ್‌ಎಂಗೆ ಬಂದು ಟ್ರಿಪಲ್ ಜೆ ಆಯಿತು. ಆಮೇಲೆ ಒಂದೊಂದೇ ಊರಿಗೆ ಹಬ್ಬಿ ಇಡೀ ದೇಶದ್ದಾಯಿತು.

1989ರಲ್ಲಿ ಈ ಸ್ಟೇಷನ್ನು ಕೇಳುಗರಿಗೆ, ನಿಮಗೆ ಇಷ್ಟವಾದ ಹಾಡು ಯಾವುವು, ಬರೆದು ಕಳಿಸಿ ಅಂತ ಕೇಳಿತು. ಹೆಚ್ಚು ಓಟು ಬಿದ್ದ ನೂರು ಹಾಡನ್ನು ನೂರನೆಯದರಿಂದ ಶುರುಮಾಡಿ ಒಂದನೆಯದರವರೆಗೆ ಹಿಂದಿನಿಂದ ಮುಂದಕ್ಕೆ ಎಣಿಸುತ್ತಾ ಹಾಕಿತು. ಹಾಟೆಸ್ಟ್ ಹಂಡ್ರೆಡ್ ಅಂತ ಹೆಸರು. 1993ರಿಂದ ಆಯಾ ವರ್ಷ ಬಂದ ಹಾಡುಗಳಿಗೆ ಮಾತ್ರ ಓಟು ಅಂತ ಆಯಿತು. ಒಬ್ಬರು ಹತ್ತು ಹಾಡಿಗೆ ಓಟು ಹಾಕಬಹುದು. ಈಗೆಲ್ಲ ಇಂಟರ್‌ನೆಟ್ಟಿನಲ್ಲಿ. 2019ರ ಹಾಡುಗಳ ಪಟ್ಟಿಗೆ ಬಿದ್ದ ಓಟು 32 ಲಕ್ಷ ದಾಟಿತ್ತು. ಆ ದೇಶದ ಜನಸಂಖ್ಯೆಯೇ ಆಗ ಎರಡೂವರೆ ಕೋಟಿ. ಅಲ್ಲಿ ಜನವರಿ ಅಂದರೆ ಕಡುಬೇಸಿಗೆ. ಪಟ್ಟಿ ಬರುವ ದಿನ ಹುಡುಗ ಹುಡುಗಿಯರು ಹಿತ್ತಲಲ್ಲಿ, ಕಡಲ ದಂಡೆಯಲ್ಲಿ ಸೇರಿ ಕೆಂಡದ ಮೇಲೆ ಮಾಂಸ ಸುಡುತ್ತಾ, ಬಿಯರು ಕುಡಿಯುತ್ತಾ, ಯಾವ ಹಾಡು ಮೊದಲು ಬರುತ್ತೆ ಅಂತ ಪಂದ್ಯ ಕಟ್ಟುತ್ತಾ ಮಧ್ಯಾಹ್ನದಿಂದ ರಾತ್ರಿವರೆಗೂ ರೇಡಿಯೋಗೆ ಕಿವಿ ಕೊಟ್ಟು ಕೂರುತ್ತಾರೆ. ನಮ್ಮಲ್ಲಿ ವರ್ಲ್ಡ್ ಕಪ್ ಫೈನಲ್ ಇದ್ದ ಹಾಗೆ.

ಇದು ನಮಗೇನೂ ಹೊಸದಲ್ಲ. ಬಿನಾಕಾ ಗೀತ್‌ಮಾಲಾ ಅಂದರೆ ನಿಮ್ಮ ಅಪ್ಪಂದಿರಿಗೆ, ತಾತಂದಿರಿಗೆ ಗೊತ್ತು. ಸಿನಿಮಾ ಹಾಡು ಕೀಳು ಅಂತ 1952ರಲ್ಲಿ ಆಗಿನ ಪ್ರಸಾರ ಮಂತ್ರಿ ಕೇಸ್ಕರ್ ಆಕಾಶವಾಣಿಯಲ್ಲಿ ಅದಕ್ಕೆ ಜಾಗ ಇಲ್ಲದ ಹಾಗೆ ಮಾಡಿದರು. ಅದೇ ಹೊತ್ತಿಗೆ ರೇಡಿಯೋ ಸಿಲೋನ್ ಅಮೀನ್ ಸಯಾನಿಯವರ ದನಿಯಲ್ಲಿ ಆ ಹಾಡುಗಳನ್ನೇ ಅಂಕಿ ಹಾಕಿ ಸಾಲು ನಿಲ್ಲಿಸಿತು. ದೇಶವೇ ಸಿಲೋನಿನ ಕಡೆ ತಿರುಗಿ ಕೂತಿತು. ಶಾಸ್ತ್ರೀಯ ಸಂಗೀತದ ಮಡಿಯವರು ಯಾವುದನ್ನು ಹೊರಗಿಟ್ಟರೋ ಅದನ್ನು ಜನ ಒಳಕ್ಕೆ ಕರೆದುಕೊಂಡರು. ಇದು ಸಂತೋಷದ ವಿಷಯವೇ. ಆದರೆ ಆ ಸಾಲಿನಲ್ಲಿ ನಿಲ್ಲಬೇಕಾದರೂ ಹಾಡು ಸಿನಿಮಾದಲ್ಲಿ ಬಂದಿರಬೇಕು, ರೆಕಾರ್ಡು ಆಗಿರಬೇಕು. ಗದ್ದೆಯಲ್ಲಿ ನಾಟಿ ಹಾಕುತ್ತಾ ನಮ್ಮ ತಾಯಂದಿರು ಹೇಳಿದ ಪದಕ್ಕೆ ಯಾರು ಓಟು ಹಾಕಬೇಕಿತ್ತು? ಯಾರ ಕಿವಿಗೂ ಅದು ರೇಡಿಯೋದಿಂದ ಬಿದ್ದಿರಲಿಲ್ಲವಲ್ಲ.

ಓಟಿನ ಮಾತು ಬಂದಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಇದೇ. ಚೀಟಿಯಲ್ಲಿ ಯಾರ ಹೆಸರಿದೆ? ಟ್ರಿಪಲ್ ಜೆ ಕೂಡ ಇದು ಪೂರ್ತಿ ಕೇಳುಗರ ಆಯ್ಕೆ, ನಮ್ಮ ಕೈ ಏನೂ ಇಲ್ಲ ಅನ್ನುತ್ತದೆ. ಆದರೆ ವರ್ಷವಿಡೀ ಯಾವ ಹಾಡು ಹಾಕಬೇಕು ಅಂತ ನಿರ್ಧಾರ ಮಾಡುವವರು ಸ್ಟೇಷನ್ನಿನ ಒಳಗೆ ಕೂತ ಕೆಲವೇ ಮಂದಿ. ಅವರು ಹಾಕಿದ್ದನ್ನು ಕೇಳಿ ಕೇಳಿ ಜನ ಓಟು ಹಾಕುತ್ತಾರೆ. 2015ರ ಜನವರಿಯಲ್ಲಿ ಒಂದು ತಮಾಷೆ ನಡೆಯಿತು. ಟ್ರಿಪಲ್ ಜೆ ತನ್ನ ಅಭಿರುಚಿಗೆ ಸಲ್ಲದು ಅಂತ ಹಾಕದೆ ಇದ್ದ ಟೇಲರ್ ಸ್ವಿಫ್ಟ್ ಅನ್ನುವ ಅಮೆರಿಕದ ಗಾಯಕಿಯ ಹಾಡನ್ನು ಪಟ್ಟಿಗೆ ಏರಿಸೋಣ ಅಂತ ಕೆಲವರು ಪ್ರಚಾರ ಶುರುಮಾಡಿದರು. ಕೋಳಿ ಮಾರುವ ಕಂಪನಿಯೊಂದು ಇದೇ ಸಂದರ್ಭ ಅಂತ ಅದರ ಬೆನ್ನು ಹತ್ತಿ ಜಾಹೀರಾತು ಹಾಕಿಕೊಂಡಿತು. ಸ್ಟೇಷನ್ನು ಆ ಹಾಡನ್ನೇ ಅನರ್ಹ ಮಾಡಿತು. ಕಂಪನಿಗಳು ಓಟು ಕೊಳ್ಳುವ ಹಾಗೆ ಆಗಬಾರದು ಅನ್ನೋದು ಸರಿಯೇ, ನಾನೂ ಒಪ್ಪುತ್ತೇನೆ. ಆದರೆ ಜನರ ಓಟಿನ ಬಾಗಿಲಲ್ಲೂ ಕೋಲು ಹಿಡಿದ ಒಬ್ಬ ಕಾವಲುಗಾರ ನಿಂತಿದ್ದಾನೆ ಅನ್ನೋದು ಅವತ್ತು ಎಲ್ಲರ ಕಣ್ಣಿಗೂ ಬಿತ್ತು.

ಹೆಣ್ಣುಮಕ್ಕಳ ಲೆಕ್ಕವೂ ಹೀಗೇ. 2009ರಲ್ಲಿ ಎಲ್ಲ ಕಾಲಕ್ಕೂ ಮೆಚ್ಚಿನ ನೂರು ಹಾಡು ಯಾವುವು ಅಂತ ಓಟು ತೆಗೆದುಕೊಂಡರು. ಪಟ್ಟಿ ಬಂತು ನೋಡಿ, ಹೆಂಗಸರ ದನಿಯನ್ನು ದೀಪ ಹಿಡಿದು ಹುಡುಕಬೇಕು. ಬರೀ ಗಿಟಾರು ಹಿಡಿದ ಬಿಳಿ ಗಂಡಸರು. ಅಲ್ಲಿನ ಹೆಣ್ಣುಮಕ್ಕಳು ಎದ್ದು ಕೇಳಿದರು. ಪ್ರತಿವರ್ಷದ ಪಟ್ಟಿಯಲ್ಲೂ ಅಷ್ಟೆ, 1993ರಿಂದ ಲೆಕ್ಕ ಹಾಕಿದರೆ 26 ಪಟ್ಟಿ ಬಂದು ಹೋದರೂ ಒಬ್ಬಳೇ ನಿಂತು ಹಾಡಿದ ಗಾಯಕಿಗೆ ಮೊದಲ ಸ್ಥಾನ ಸಿಗಲಿಲ್ಲ. ಸಿಕ್ಕಿದ್ದು 2020ರ ಜನವರಿಯಲ್ಲಿ, ಬಿಲ್ಲಿ ಐಲಿಶ್ ಅನ್ನುವ 18 ವರ್ಷದ ಹುಡುಗಿಗೆ.

ಇರಲಿ. ನಾನು ಹೇಳಬೇಕಾದ್ದು ತಾರೀಖಿನ ವಿಷಯ.

1998ರಿಂದ ಈ ನೂರು ಹಾಡಿನ ಹಬ್ಬ ಹೆಚ್ಚುಕಡಿಮೆ ಪ್ರತಿವರ್ಷ ಜನವರಿ 26ಕ್ಕೇ ನಡೆಯುತ್ತಿತ್ತು. ಆವತ್ತು 'ಆಸ್ಟ್ರೇಲಿಯಾ ದಿನ'. ಸರ್ಕಾರಿ ರಜೆ. 1788ರ ಜನವರಿ 26ರಂದು ಆರ್ಥರ್ ಫಿಲಿಪ್ ಅನ್ನುವ ಇಂಗ್ಲಿಷ್ ನೌಕಾಧಿಕಾರಿ ಖೈದಿಗಳನ್ನು ತುಂಬಿಕೊಂಡು ಬಂದು ಸಿಡ್ನಿಯ ದಂಡೆಯಲ್ಲಿ ಬ್ರಿಟಿಷರ ಬಾವುಟ ನೆಟ್ಟ. ಆ ಮಣ್ಣಿನಲ್ಲಿ ಸಾವಿರಾರು ತಲೆಮಾರು ಬಾಳಿದ ಮೂಲನಿವಾಸಿಗಳು ಇದ್ದರು. ಅವರನ್ನು ಕೇಳಲಿಲ್ಲ. ಕೇಳುವುದಿರಲಿ, ಈ ನೆಲ ಯಾರಿಗೂ ಸೇರಿದ್ದಲ್ಲ ಅಂತ ಕಾನೂನು ಹೇಳಿತು. ಎದುರಿಗೆ ಮನುಷ್ಯ ನಿಂತಿದ್ದಾನೆ, ನೀನು ಇಲ್ಲ ಅಂತ ಹೇಳುವುದು! ಅದು ಸುಳ್ಳು ಅಂತ ಆ ದೇಶದ ಹೈಕೋರ್ಟು ಒಪ್ಪಿಕೊಳ್ಳಲು 1992ರ ಮಾಬೋ ತೀರ್ಪಿನವರೆಗೆ ಕಾಯಬೇಕಾಯಿತು. ಎರಡು ನೂರು ವರ್ಷ ಮೀರಿ. ಆ ನಡುವೆ ನಡೆದ ಕೊಲೆಗಳು, ತಾಯಂದಿರ ಮಡಿಲಿಂದ ಸರ್ಕಾರವೇ ಕಿತ್ತುಕೊಂಡು ಹೋದ ಮಕ್ಕಳು, ಇವನ್ನೆಲ್ಲ ಬರೆಯೋಕೆ ಈ ಪುಟಗಳು ಸಾಲುವುದಿಲ್ಲ.

ಇನ್ನೊಂದು ಸಂಗತಿ ಕೇಳಿ. 1901ರ ಆಸ್ಟ್ರೇಲಿಯಾ ಸಂವಿಧಾನದ 127ನೇ ಕಲಮು ಏನು ಹೇಳುತ್ತಿತ್ತು ಗೊತ್ತಾ? ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ ಅಂತ. ಕುರಿ ಎಣಿಸಿದರು, ದನ ಎಣಿಸಿದರು. ಇವರನ್ನು ಎಣಿಕೆಯಿಂದ ಹೊರಗಿಟ್ಟರು. ಆ ಕಲಮನ್ನು ತೆಗೆದದ್ದು 1967ರ ಜನಮತಗಣನೆಯಲ್ಲಿ. ಆಗ ಓಟು ಹಾಕಿದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ ತೆಗೆಯಿರಿ ಅಂದರು. ಅದು ಒಳ್ಳೆಯದೇ. ಆದರೆ ಈ ಮನುಷ್ಯನನ್ನು ಮನುಷ್ಯ ಅಂತ ಎಣಿಸಬಹುದೇ ಬೇಡವೇ ಅಂತ ಉಳಿದವರನ್ನು ಕೇಳಿ ತೀರ್ಮಾನ ಮಾಡಬೇಕಾದ ಪರಿಸ್ಥಿತಿ ಇದೆಯಲ್ಲ, ಅದನ್ನು ಸ್ವಲ್ಪ ಹೊತ್ತು ಯೋಚನೆ ಮಾಡಿ.

ಆ ಜನ ಸುಮ್ಮನೆ ಕೂತಿದ್ದರು ಅಂತಲ್ಲ. 1938ರ ಜನವರಿ 26ರಂದು ಬಿಳಿಯರು 150ನೇ ವರ್ಷದ ಮೆರವಣಿಗೆ ಮಾಡುತ್ತಿದ್ದಾಗ ಸಿಡ್ನಿಯ ಒಂದು ಸಭಾಂಗಣದಲ್ಲಿ ವಿಲಿಯಂ ಕೂಪರ್, ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್ ಮುಂತಾದ ಮೂಲನಿವಾಸಿ ನಾಯಕರು ಸೇರಿ ಇದು ನಮಗೆ ಶೋಕದ ದಿನ ಅಂತ ಸಾರಿದರು. 1972ರ ಜನವರಿ 26ರಂದು ನಾಲ್ಕು ಜನ ಮೂಲನಿವಾಸಿ ಯುವಕರು ಕ್ಯಾನ್‌ಬೆರಾದ ಪಾರ್ಲಿಮೆಂಟಿನ ಎದುರು ಹುಲ್ಲಿನ ಮೇಲೆ ಒಂದು ಛತ್ರಿ ನೆಟ್ಟು, ನಮ್ಮ ದೇಶದಲ್ಲೇ ನಾವು ಪರದೇಶಿಗಳು, ಆದ್ದರಿಂದ ಇದು ನಮ್ಮ ರಾಯಭಾರ ಕಚೇರಿ ಅಂದರು. ಆ ಗುಡಾರದ ರಾಯಭಾರ ಕಚೇರಿ ಕಿತ್ತರೂ ಮತ್ತೆ ಮತ್ತೆ ಎದ್ದಿದೆ. 1988ರಲ್ಲಿ, 200ನೇ ವರ್ಷದ ಸಂಭ್ರಮಕ್ಕೆ ಉತ್ತರವಾಗಿ 40 ಸಾವಿರಕ್ಕೂ ಹೆಚ್ಚು ಜನ ಸಿಡ್ನಿಯಲ್ಲಿ ನಡೆದರು. ಅವರ ಬಾಯಲ್ಲಿ ಜನವರಿ 26ಕ್ಕೆ ಬೇರೆಯೇ ಹೆಸರು. ಆಕ್ರಮಣದ ದಿನ ಅನ್ನುತ್ತಾರೆ. ಅಳಿಸಿದರೂ ಅಳಿಯದೆ ಉಳಿದೆವು ಅಂತ ಉಳಿವಿನ ದಿನ ಅಂತಲೂ ಅನ್ನುತ್ತಾರೆ.

ಅದೇ 1972. ಅದೇ ವರ್ಷ ಇತ್ತ ಬೊಂಬಾಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಆಗಸ್ಟ್ 15ನ್ನು ಕಪ್ಪು ದಿನ ಅಂತ ಕರೆದು ರಾಜಾ ಢಾಲೆ 'ಸಾಧನಾ' ಪತ್ರಿಕೆಯಲ್ಲಿ ಬರೆದರು. ಮಹಾರಾಷ್ಟ್ರ ಹೊತ್ತಿ ಉರಿಯಿತು. ಕ್ಯಾನ್‌ಬೆರಾದವರಿಗೆ ಬೊಂಬಾಯಿಯವರನ್ನು ಕಂಡು ಗೊತ್ತಿರಲಿಲ್ಲ. ಆದರೂ ಎರಡೂ ಕಡೆಯ ಹುಡುಗರು ಅಮೆರಿಕದ ಕರಿಯರ ಹೋರಾಟದ ಕಡೆ ನೋಡುತ್ತಿದ್ದರು. ಎರಡೂ ಕಡೆಯವರು ಹಬ್ಬದ ದಿನವನ್ನೇ ಹಿಡಿದುಕೊಂಡರು. ಯಾಕೆ ಅಂದರೆ ಆಳುವವನ ಹಬ್ಬದ ದಿನವೇ ಆಳಿಸಿಕೊಂಡವನ ಗಾಯ ಹೆಚ್ಚು ಉರಿಯೋದು.

ನಮ್ಮ ಜನವರಿ 26 ಅವರದ್ದರ ಥರ ಅಲ್ಲ, ಇದನ್ನು ಬಿಡಿಸಿ ಹೇಳಬೇಕು. ನಮಗೆ ಅದು ಬಾಬಾಸಾಹೇಬರು ಬರೆದ ಸಂವಿಧಾನ ಜಾರಿಗೆ ಬಂದ ದಿನ. ಅದನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಆದರೆ ಆ ದಿನ ಬರುವ ಮುಂಚೆಯೇ, 1949ರ ನವೆಂಬರ್ 25ರಂದು, ಅವರೇ ಎಚ್ಚರಿಕೆ ಕೊಟ್ಟಿದ್ದರು. 1950ರ ಜನವರಿ 26ರಿಂದ ನಾವು ವೈರುಧ್ಯದ ಬಾಳಿಗೆ ಕಾಲಿಡುತ್ತೇವೆ, ಓಟಿನಲ್ಲಿ ಸಮಾನರು, ಬದುಕಿನಲ್ಲಿ ಅಸಮಾನರು ಅನ್ನುವ ಅರ್ಥದ ಮಾತು ಅದು. ಓಟು ಸಮಾನ, ಬಾಳು ಅಸಮಾನ. ಈ ಮಾತನ್ನು ಜೇಬಿನಲ್ಲಿ ಇಟ್ಟುಕೊಂಡು ಮತ್ತೆ ರೇಡಿಯೋ ಕಡೆ ಬನ್ನಿ.

2016ರಲ್ಲಿ ಎ.ಬಿ. ಒರಿಜಿನಲ್ ಅನ್ನುವ ಜೋಡಿ ಒಂದು ರಾಪ್ ಹಾಡು ಹೊರತಂದಿತು. ಜೋಡಿಯಲ್ಲಿ ಒಬ್ಬ ಬ್ರಿಗ್ಸ್, ಯೋರ್ಟಾ ಯೋರ್ಟಾ ಕುಲದವನು. ಇನ್ನೊಬ್ಬ ಟ್ರಯಲ್ಸ್, ನರಿಂಜೆರಿ ಕುಲದವನು. ಜೊತೆಗೆ ಹಾಡಿದವನು ಡ್ಯಾನ್ ಸುಲ್ತಾನ್, ಅವನೂ ಮೂಲನಿವಾಸಿಯೇ. ಹಾಡಿನ ಹೆಸರು ನೇರವಾಗಿ 'ಜನವರಿ 26'. ಹಾಡಿರುವ ಆಲ್ಬಮ್ಮಿನ ಹೆಸರು ಇನ್ನೂ ಚೆನ್ನಾಗಿದೆ. ಪರದೇಶದವರು, ಮುಸ್ಲಿಮರು ಬೇಡ ಅಂತ ಕೂಗಾಡುವ ಒಂದು ಬಲಪಂಥೀಯ ಗುಂಪು 'ರೀಕ್ಲೇಮ್ ಆಸ್ಟ್ರೇಲಿಯಾ', ಅಂದರೆ ಆಸ್ಟ್ರೇಲಿಯಾವನ್ನು ವಾಪಸ್ಸು ಪಡೆಯಿರಿ, ಅಂತ ಹೆಸರಿಟ್ಟುಕೊಂಡಿತ್ತು. ಇವರು ಅದೇ ಹೆಸರನ್ನು ಕಿತ್ತುಕೊಂಡು ತಮ್ಮ ಆಲ್ಬಮ್ಮಿಗೆ ಇಟ್ಟರು. ವಾಪಸ್ಸು ಪಡೆಯಬೇಕಾದವರು ಯಾರಪ್ಪ, ನೀವಾ, ನಾವಾ?

ಹಾಡು ಅಳುವ ಹಾಡಲ್ಲ. ಕುಣಿಸುವ ಹಾಡು. ಕುಣಿಸುತ್ತಲೇ ಆ ತಾರೀಖನ್ನು ಗೇಲಿ ಮಾಡುತ್ತದೆ, ಬೈಯುತ್ತದೆ. ನಮ್ಮ ಕಡೆ ಜಾತ್ರೆಯಲ್ಲಿ ಗೌಡನ ಎದುರಿಗೇ ಗೌಡನ ಮೇಲೆ ಪದ ಕಟ್ಟಿ ಹೇಳುವ ಗಟ್ಟಿಗರು ಇರುತ್ತಿದ್ದರಲ್ಲ, ಆ ಜಾತಿಯ ಧೈರ್ಯ.

ಈ ಹಾಡಿಗೆ ಜನ ಓಟು ಹಾಕಿದರು. 16ನೇ ಸ್ಥಾನ ಬಂತು. ಪಟ್ಟಿ ಪ್ರಸಾರ ಆದದ್ದು ಯಾವತ್ತು? 2017ರ ಜನವರಿ 26. ಆ ದೃಶ್ಯ ಕಣ್ಣ ಮುಂದೆ ತಂದುಕೊಳ್ಳಿ. ದೇಶದ ತುಂಬ ಹಿತ್ತಲುಗಳಲ್ಲಿ ಬಾವುಟದ ಟೋಪಿ ಹಾಕಿಕೊಂಡು, ಬಾವುಟದ ಟವೆಲ್ಲು ಹಾಸಿಕೊಂಡು ಹಬ್ಬ ಮಾಡುತ್ತಿದ್ದಾರೆ. ಹಬ್ಬಕ್ಕೆ ಅಂತ ಹಾಕಿಟ್ಟ ಅದೇ ರೇಡಿಯೋದಿಂದ, ಈ ಹಬ್ಬ ಯಾಕೆ ಮಾಡುತ್ತೀರೋ ಅಂತ ಕೇಳುವ ದನಿ ಬರುತ್ತದೆ. ಆ ದನಿಗೆ ಸ್ಟೇಷನ್ನು ಜಾಗ ಕೊಡಲಿಲ್ಲ ಅಂತ ಹೇಳುವ ಹಾಗಿಲ್ಲ, ತೆಗೆಯುವ ಹಾಗೂ ಇಲ್ಲ. ಓಟು ಹಾಕಿ ಕೂರಿಸಿದ್ದು ಕೇಳುಗರೇ. ನನಗಂತೂ ಈ ಇಡೀ ಕತೆಯಲ್ಲಿ ತುಂಬ ಇಷ್ಟವಾದ ಗಳಿಗೆ ಇದು.

ತಾರೀಖು ಬದಲಾಯಿಸಿ ಅನ್ನುವ ಒತ್ತಾಯ ಅದಕ್ಕೆ ಮುಂಚೆಯೇ ಎದ್ದಿತ್ತು. 2016ರಲ್ಲೇ ಸ್ಟೇಷನ್ನು ಯೋಚನೆ ಮಾಡುತ್ತೀವಿ ಅಂದಿತ್ತು. 2017ರ ನವೆಂಬರಿನಲ್ಲಿ ತೀರ್ಮಾನ ಹೊರಬಿತ್ತು. ಮುಂದಿನ ಪಟ್ಟಿ 2018ರ ಜನವರಿ 27, ಶನಿವಾರ. ಒಂದು ದಿನ ಮುಂದಕ್ಕೆ. ಒಂದೇ ಒಂದು ದಿನ!

ಅದಕ್ಕೆ ಎದ್ದ ಗಲಾಟೆ ನೋಡಬೇಕಿತ್ತು. ಪ್ರಸಾರ ಮಂತ್ರಿ ಮಿಚ್ ಫಿಫೀಲ್ಡ್ ಇದು ಸರಿಯಲ್ಲ, ತೀರ್ಮಾನ ಮರುಪರಿಶೀಲಿಸಿ ಅಂತ ಎಬಿಸಿಗೆ ಹೇಳಿದರು. ಹಾಡಿಗೂ ರಾಜಕೀಯಕ್ಕೂ ಗಂಟು ಹಾಕಬೇಡಿ ಅಂತ ಬಲಪಂಥದವರು ಹುಯ್ಲಿಟ್ಟರು. ಕೋರಿ ಬರ್ನಾರ್ಡಿ ಅನ್ನುವ ಸೆನೆಟರು ಜನವರಿ 26ಕ್ಕೆ ಕೇಳಿ ಅಂತ ತನ್ನ ಪಕ್ಷದ ಕಡೆಯಿಂದಲೇ ಬೇರೆ ನೂರು ಹಾಡಿನ ಪಟ್ಟಿ ಮಾಡಿ ಇಂಟರ್‌ನೆಟ್ಟಿಗೆ ಹಾಕಿದರು. ತಮಾಷೆ ಏನಂದರೆ ಅದರಲ್ಲಿ ಹಾಡುಗಳಿದ್ದ ಹಿಲ್‌ಟಾಪ್ ಹುಡ್ಸ್ ಮೊದಲಾದ ಕಲಾವಿದರೇ, ನಿಮ್ಮ ಪಟ್ಟಿಯ ಸಹವಾಸ ನಮಗೆ ಬೇಡ ಅಂತ ಉಗಿದರು.

ಈ 'ರಾಜಕೀಯ ಬೇಡ' ಅನ್ನುವ ಮಾತಿನ ಮರ್ಮ ಇಲ್ಲಿದೆ ನೋಡಿ. ಇಪ್ಪತ್ತು ವರ್ಷ ಒಂದು ಜನಾಂಗದ ಶೋಕದ ದಿನ ಸರ್ಕಾರಿ ರೇಡಿಯೋದಲ್ಲಿ ಹಾಡು ಹಾಕಿ ಕುಣಿದಾಗ ಅದು ರಾಜಕೀಯ ಆಗಿರಲಿಲ್ಲ. ಆ ದಿನ ಬಿಟ್ಟು ಪಕ್ಕದ ದಿನ ಕುಣಿಯೋಣ ಅಂದ ಕೂಡಲೇ ರಾಜಕೀಯ ಆಯಿತು. ಊರ ಬಾವಿಯಿಂದ ನಮ್ಮನ್ನು ದೂರ ಇಟ್ಟಾಗ ಅದು ಸಂಪ್ರದಾಯ. ನಾವು ಕೊಡ ತೆಗೆದುಕೊಂಡು ಹೋದರೆ ಊರಿನ ಶಾಂತಿ ಕೆಡಿಸುವ ರಾಜಕೀಯ. ಭಾಷೆ ಬೇರೆ ಬೇರೆ, ವ್ಯಾಕರಣ ಒಂದೇ.

ಎಬಿಸಿ ಮಣಿಯಲಿಲ್ಲ. ಅದಕ್ಕೆ ಕಾನೂನಿನಲ್ಲೇ ಸ್ವಾತಂತ್ರ್ಯ ಇದೆ, ಮಂತ್ರಿ ಹೇಳಿದ ಹಾಗೆ ಕುಣಿಯಬೇಕಾಗಿಲ್ಲ. ಮೆಚ್ಚಬೇಕಾದ್ದು. ಆದರೆ ತನ್ನ ತೀರ್ಮಾನಕ್ಕೆ ಅದು ಮುಂದಿಟ್ಟ ಒಂದು ಸಮರ್ಥನೆ ಬಗ್ಗೆ ನನಗೆ ತಕರಾರಿದೆ. ಕೇಳುಗರ ಸಮೀಕ್ಷೆ ಮಾಡಿದೆವು, ಸುಮಾರು 65 ಸಾವಿರ ಜನ ಉತ್ತರ ಕೊಟ್ಟರು, ಅವರಲ್ಲಿ ನೂರಕ್ಕೆ 60 ಜನ ಬದಲಾಯಿಸಿ ಅಂದರು, ಅದಕ್ಕೇ ಬದಲಾಯಿಸಿದೆವು ಅಂತ. ಹಾಗಾದರೆ ನೂರಕ್ಕೆ 40 ಜನ ಮಾತ್ರ ಬದಲಾಯಿಸಿ ಅಂದಿದ್ದರೆ? ಶೋಕದ ದಿನ ಕುಣಿತ ಮುಂದುವರಿಯುತ್ತಿತ್ತೇ? ಯಾವ ಹಾಡು ಇಷ್ಟ ಅಂತ ಕೈ ಎತ್ತಿಸಿ ಕೇಳಬಹುದು. ಒಬ್ಬನಿಗೆ ನೋವಾಗಿದೆಯೇ ಇಲ್ಲವೇ ಅನ್ನೋದನ್ನು ಊರವರ ಕೈ ಎತ್ತಿಸಿ ತೀರ್ಮಾನ ಮಾಡುವುದುಂಟೇ? ಮೂಲನಿವಾಸಿ ಸಂಘಟನೆಗಳ ಜೊತೆಗೂ ಮಾತಾಡಿದ್ದೆವು ಅಂತ ಸ್ಟೇಷನ್ನು ಹೇಳಿತು. ಅದೊಂದೇ ಕಾರಣ ಸಾಕಾಗಿತ್ತು. 60 ಅನ್ನುವ ಅಂಕಿಯನ್ನು ಊರುಗೋಲು ಮಾಡಿಕೊಳ್ಳಬೇಕಾಗಿರಲಿಲ್ಲ.

ಇದು ಬಾಲದ ಕೂದಲು ಸೀಳುವ ತರ್ಕ ಅಂತ ಯಾರಾದರೂ ಅಂದುಕೊಂಡರೆ ಮುಂದಿನ ಕತೆ ಕೇಳಲಿ. 2023ರ ಅಕ್ಟೋಬರ್ 14ರಂದು ಆಸ್ಟ್ರೇಲಿಯಾದಲ್ಲಿ ಮತ್ತೊಂದು ಜನಮತಗಣನೆ ನಡೆಯಿತು. ಪ್ರಶ್ನೆ ಚಿಕ್ಕದು. ಮೂಲನಿವಾಸಿಗಳಿಗೆ ಸಂಬಂಧಪಟ್ಟ ವಿಷಯದಲ್ಲಿ ಪಾರ್ಲಿಮೆಂಟಿಗೆ ಸಲಹೆ ಕೊಡಲು ಅವರದೇ ಒಂದು ಮಂಡಳಿ ಇರಲಿ, ಅದನ್ನು ಸಂವಿಧಾನದಲ್ಲಿ ಬರೆಯೋಣವೇ? ಅಧಿಕಾರ ಇಲ್ಲ, ಹಣ ಇಲ್ಲ, ಬರೀ ಸಲಹೆ. ಅದಕ್ಕೆ ಇಟ್ಟ ಹೆಸರೇ 'ವಾಯ್ಸ್'. ದನಿ. ನೂರಕ್ಕೆ 60 ಜನ ಬೇಡ ಅಂದರು. ಆರಕ್ಕೆ ಆರು ರಾಜ್ಯಗಳೂ ಬೇಡ ಅಂದವು. ಮೂಲನಿವಾಸಿಗಳಲ್ಲೇ ಬೇಡ ಅಂದವರೂ ಇದ್ದರು, ಅದನ್ನು ಮುಚ್ಚಿಡಬಾರದು. ಕೆಲವರು ಸಲಹೆ ಸಾಲದು, ಮೊದಲು ಒಪ್ಪಂದ ಆಗಲಿ ಅನ್ನುವವರು. ಕೆಲವರು ಆಳುವವರ ಜೊತೆ ಸೇರಿದವರು. ಆದರೆ ಆ ದೇಶದಲ್ಲಿ ಮೂಲನಿವಾಸಿಗಳು ನೂರಕ್ಕೆ ನಾಲ್ಕು ಜನವೂ ಇಲ್ಲ. ಅವರೆಲ್ಲ ಒಂದೇ ಕಡೆ ನಿಂತಿದ್ದರೂ ಲೆಕ್ಕ ಬದಲಾಗುತ್ತಿರಲಿಲ್ಲ. 2017ರಲ್ಲಿ 60 ಅವರ ಕಡೆ. 2023ರಲ್ಲಿ 60 ಅವರ ವಿರುದ್ಧ. 60ನ್ನು ನಂಬಿ ಕೂತವನ ಗತಿ ಇದು.

ರೇಡಿಯೋಗೆ ಓಟು ಹಾಕಿದ ಹುಡುಗರೇ ದನಿಗೆ ಬೇಡ ಅಂದರು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತದೆ, ಎರಡೂ ಓಟು ಬೇರೆ ಬೇರೆ ಜನರದ್ದು. ನಾನು ಹೇಳುತ್ತಿರುವುದು ದೇಶದ ಮನಸ್ಸಿನ ಬಗ್ಗೆ. ಮೂಲನಿವಾಸಿಗಳ ದನಿ ಹಾಡಿಗೆ ಬೇಕು. ಕಾಡಿನ ಮರದಿಂದ ಮಾಡಿದ ಅವರ ಡಿಜೆರಿಡೂ ವಾದ್ಯ ಸರ್ಕಾರಿ ಸಮಾರಂಭಕ್ಕೆ ಬೇಕು. ಪಾರ್ಲಿಮೆಂಟಿನ ಬಾಗಿಲಲ್ಲಿ ಮಾತ್ರ ದನಿ ಬೇಡ. ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಹಲಗೆ ಬಡಿಯದೆ ಊರಿನ ಜಾತ್ರೆ ಹೊರಡುವುದಿಲ್ಲ. ತೇರು ಗುಡಿ ಮುಂದೆ ನಿಂತ ಮೇಲೆ ಹಲಗೆ ಬಡಿದವನು ಎಲ್ಲಿ ನಿಲ್ಲಬೇಕು ಅನ್ನೋದು ಊರಿಗೆಲ್ಲ ಗೊತ್ತು.

ಬಾಬಾಸಾಹೇಬರು ಇದನ್ನೇ ಬಿಡಿಸಿ ಬಿಡಿಸಿ ಹೇಳಿದ್ದು. ಬಹುಮತದಲ್ಲಿ ಎರಡು ಥರ. ವಿಚಾರದ ಮೇಲೆ ಕಟ್ಟಿದ ಬಹುಮತ ಇವತ್ತು ಇರುತ್ತೆ, ನಾಳೆ ಒಡೆಯುತ್ತೆ, ಇವತ್ತಿನ ಅಲ್ಪಮತ ನಾಳೆ ಬಹುಮತ ಆಗಬಹುದು. ಹುಟ್ಟಿನಿಂದ ಬಂದ ಬಹುಮತ ಹಾಗಲ್ಲ, ಅದು ಯಾವ ಚುನಾವಣೆಯಲ್ಲೂ ಸೋಲುವುದಿಲ್ಲ. ಹಾಡಿನ ಪಟ್ಟಿಯದು ಮೊದಲ ಥರದ ಬಹುಮತ. ಹೋದ ವರ್ಷ ಗಿಟಾರು, ಈ ವರ್ಷ ರಾಪು. ಅದಕ್ಕೇ ಅಲ್ಲಿ ಒಂದು ಬಂಡಾಯದ ಹಾಡು 16ನೇ ಜಾಗದವರೆಗೆ ಏರಬಲ್ಲದು. ದನಿಯ ಜನಮತಗಣನೆಯಲ್ಲಿ ಎದುರಾದದ್ದು ಎರಡನೆಯ ಥರದ್ದು.

ಇಲ್ಲೊಂದು ಕಷ್ಟದ ಪ್ರಶ್ನೆಯೂ ಇದೆ, ನಮ್ಮ ಹುಡುಗರು ಕೂತು ಚರ್ಚೆ ಮಾಡಬೇಕಾದ್ದು. ಆ 16ನೇ ಸ್ಥಾನ ಕೊಟ್ಟವರಲ್ಲಿ ಹೆಚ್ಚಿನವರು ಬಿಳಿಯರೇ ಅಲ್ಲವೇ? ಹೌದು. ಇನ್ನೊಬ್ಬರ ಓಟಿನಿಂದ ಗೆದ್ದು ಬರುವ ನಮ್ಮವನ ಪಾಡು ಏನು ಅನ್ನೋದು ನಮಗೆ ಪೂನಾ ಒಪ್ಪಂದದಿಂದ ಗೊತ್ತು. 1932ರಲ್ಲಿ ಗಾಂಧೀಜಿಯವರ ಉಪವಾಸದ ಒತ್ತಡದಲ್ಲಿ ಪ್ರತ್ಯೇಕ ಮತಕ್ಷೇತ್ರ ಕಳೆದುಕೊಂಡ ಮೇಲೆ, ಮೀಸಲು ಕ್ಷೇತ್ರದಲ್ಲಿ ನಿಂತ ನಮ್ಮ ಅಭ್ಯರ್ಥಿ ಊರಿನವರಿಗೆ ರುಚಿಸುವ ಹಾಗೆ ಇರಬೇಕಾಯಿತು. ಹಾಡಿಗೂ ಇದೇ ಅಪಾಯ ಉಂಟು. ಕೇಳುವವರಿಗೆ ಬೇಸರ ಆಗದಷ್ಟು ಮಾತ್ರ ನೋವು ಹೇಳಿಕೊಳ್ಳುವ ಹಾಡು ಮೇಲೆ ಹೋಗುತ್ತದೆ. ಎ.ಬಿ. ಒರಿಜಿನಲ್ ಹಾಗೆ ಬಗ್ಗಲಿಲ್ಲ, ಬೈದೇ ಓಟು ತೆಗೆದುಕೊಂಡರು ಅನ್ನೋದು ಅವರ ಹೆಚ್ಚುಗಾರಿಕೆ. ಎಲ್ಲರಿಗೂ, ಎಲ್ಲ ವರ್ಷವೂ ಅದು ಸಾಧ್ಯವಾಗುತ್ತೆ ಅಂತ ನಂಬಿ ಕೂರುವ ಹಾಗಿಲ್ಲ.

ಹಾಡು ಏನು ಮಾಡಬಲ್ಲದು, ಏನು ಮಾಡಲಾರದು ಅನ್ನೋದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 1988ರಲ್ಲಿ ಬರುಂಗಾ ಅನ್ನುವ ಊರಿನಲ್ಲಿ ಆಗಿನ ಪ್ರಧಾನಿ ಬಾಬ್ ಹಾಕ್ ಮೂಲನಿವಾಸಿಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತೀವಿ ಅಂತ ಮಾತು ಕೊಟ್ಟರು. ಮಾತು ಗಾಳಿಗೆ ಹೋಯಿತು. ಆರ್ನೆಮ್ ಲ್ಯಾಂಡಿನ ಯೋತು ಯಿಂಡಿ ತಂಡ ಅದನ್ನೇ ಹಿಡಿದು 1991ರಲ್ಲಿ 'ಟ್ರೀಟಿ', ಅಂದರೆ ಒಪ್ಪಂದ, ಅಂತ ಹಾಡು ಮಾಡಿತು. ಇಂಗ್ಲಿಷಿನ ಜೊತೆ ತಮ್ಮ ಕುಲದ ಮಾತಿನಲ್ಲೂ ಹಾಡಿದರು. ದೇಶ ಕುಣಿಯಿತು, ಹೊರದೇಶದವರೂ ಕುಣಿದರು. ದೇಶದ ಮಟ್ಟದ ಒಪ್ಪಂದ ಮಾತ್ರ ಇವತ್ತಿನವರೆಗೂ ಆಗಿಲ್ಲ. ಆದರೆ ಪ್ರಧಾನಿ ಕೊಟ್ಟ ಮಾತನ್ನು ದೇಶ ಮರೆಯದ ಹಾಗೆ ಮಾಡಿದ್ದು ಆ ಹಾಡು. ಸರ್ಕಾರದ ಕಡತದಲ್ಲಿದ್ದರೆ ಗೆದ್ದಲು ತಿಂದಿರುತ್ತಿತ್ತು.

ತಾರೀಖು ಬದಲಾದ ಮೇಲಿನ ಮೊದಲ ಪಟ್ಟಿ 2018ರ ಜನವರಿ 27ಕ್ಕೆ ಬಂತು. ತಾರೀಖು ಬದಲಾಯಿಸಿದರೆ ಯಾರೂ ಕೇಳೋದಿಲ್ಲ ಅಂದಿದ್ದವರ ಬಾಯಿ ಮುಚ್ಚಿಸುವ ಹಾಗೆ 23 ಲಕ್ಷಕ್ಕಿಂತ ಹೆಚ್ಚು ಓಟು ಬಿದ್ದಿತ್ತು. ಮೊದಲ ಸ್ಥಾನ ಅಮೆರಿಕದ ಕರಿಯ ರಾಪ್ ಗಾಯಕ ಕೆಂಡ್ರಿಕ್ ಲಾಮಾರನಿಗೆ. 17ನೇ ಸ್ಥಾನದಲ್ಲಿ ಬೇಕರ್ ಬಾಯ್ ಅನ್ನುವ ಆರ್ನೆಮ್ ಲ್ಯಾಂಡಿನ ಹುಡುಗನ 'ಮರ್‍ಯುನಾ'. ಅದರಲ್ಲಿ ಅವನು ಯೋಲ್ಙು ಮಾತಾ ಅನ್ನುವ ತನ್ನ ಜನರ ನುಡಿಯಲ್ಲೇ ರಾಪ್ ಹೇಳುತ್ತಾನೆ. ಆ ನುಡಿ ಆಡುವವರು ಕೆಲವೇ ಸಾವಿರ ಜನ. ಓಟು ಹಾಕಿದ ಬಹುಪಾಲು ಜನಕ್ಕೆ ಅದರ ಒಂದು ಪದವೂ ಅರ್ಥವಾಗಿರಲಿಕ್ಕಿಲ್ಲ, ಆದರೂ ಹಾಕಿದರು. ಎರಡು ವರ್ಷದ ನಂತರ ಥೆಲ್ಮಾ ಪ್ಲಮ್ ಅನ್ನುವ ಮೂಲನಿವಾಸಿ ಹೆಣ್ಣುಮಗಳು ತನ್ನ ಕಪ್ಪು ಬಣ್ಣದ ಹೆಮ್ಮೆಯ ಹಾಡಿನಿಂದ 9ನೇ ಸ್ಥಾನಕ್ಕೆ ಬಂದಳು.

ಅಂದಿನಿಂದ ಈ ನೂರು ಹಾಡಿನ ಪಟ್ಟಿ 26ನ್ನು ಬಿಟ್ಟು ಅದರ ಆಸುಪಾಸಿನ ಶನಿವಾರವೋ ಭಾನುವಾರವೋ ಬರುತ್ತಿದೆ. ಹಿತ್ತಲಿನ ಹಬ್ಬಕ್ಕೇನೂ ಕಡಿಮೆಯಾಗಿಲ್ಲ. 26ರಂದು ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬೀದಿಗಳಲ್ಲಿ ಕಪ್ಪು, ಕೆಂಪು, ಹಳದಿ ಬಾವುಟ ಹಿಡಿದು ಸಾವಿರಾರು ಜನ ನಡೆಯುತ್ತಾರೆ, ಅವರಲ್ಲಿ ಬಿಳಿಯ ಹುಡುಗ ಹುಡುಗಿಯರೂ ಬಹಳ. ರೇಡಿಯೋ ಒಂದು ದಿನ ಪಕ್ಕಕ್ಕೆ ಸರಿದಿದೆ. ಸರ್ಕಾರದ ರಜೆ ಮಾತ್ರ ಇನ್ನೂ ಅದೇ ತಾರೀಖಿಗೆ ಇದೆ.